ಮನ್ರೋ ಸಾಹೇಬರು ಮತ್ತು ನಮ್ಮ ಊರುಗಳ ಲೆಕ್ಕ



ಬೆಳುಗುಪ್ಪ, ಕಲ್ಯಾಣದುರ್ಗ, ರಾಯದುರ್ಗ, ಮಡಕಶಿರಾ, ಹಿಂದೂಪುರ ಭಾಗದ ನಮ್ಮ ಸದಸ್ಯರು ಸಭೆಗಳಲ್ಲಿ ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ನಮ್ಮ ಊರುಗಳಲ್ಲಿ ಬೀದಿಗೆ ಇಷ್ಟು ಮಗ್ಗ ಇದ್ದವಂತೆ, ಗಾಣ ಇದ್ದವಂತೆ, ಉಪ್ಪು ತೆಗೆಯುವವರಿದ್ದರಂತೆ, ಊರಿನ ಮಠದಲ್ಲೋ ಗುಡಿಯಲ್ಲೋ ಕನ್ನಡ ಶಾಲೆ ನಡೆಯುತ್ತಿತ್ತಂತೆ, ಇದೆಲ್ಲ ಹಿರಿಯರ ಬಾಯಿಮಾತೋ ಅಥವಾ ದಾಖಲೆ ಉಂಟೋ ಎಂದು. ದಾಖಲೆ ಉಂಟು. ಅದನ್ನು ಹುಡುಕುತ್ತ ಹೋದರೆ ಬಹುತೇಕ ಒಬ್ಬ ಮನುಷ್ಯನ ಕಾಗದಪತ್ರಗಳ ಬಳಿಗೆ ಹೋಗಿ ನಿಲ್ಲುತ್ತೇವೆ. ಅವರೇ ಸರ್ ಥಾಮಸ್ ಮನ್ರೋ. ಹುಟ್ಟಿದ್ದು 1761ರಲ್ಲಿ, ತೀರಿಕೊಂಡದ್ದು 1827ರಲ್ಲಿ. ಪರದೇಶದವರಾದರೂ ನಮ್ಮ ಸೀಮೆಯ ಜನ ತಮ್ಮ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟುಕೊಂಡ ಕಲೆಕ್ಟರ್. ನಾನು ಗುಮಾಸ್ತನಾಗಿ ದುಡಿದವನು. ಕಲೆಕ್ಟರ್ ಎಂದಾಗ ಬಹುವಚನ ತಾನಾಗಿಯೇ ಬರುತ್ತದೆ, ಸದಸ್ಯರು ಬೇರೆ ಅರ್ಥ ಮಾಡಿಕೊಳ್ಳಬಾರದು. ಹೊಗಳಲಿಕ್ಕೆಂದು ಬರೆಯುತ್ತಿಲ್ಲ, ಲೆಕ್ಕ ಒಪ್ಪಿಸಲಿಕ್ಕೆ ಬರೆಯುತ್ತಿದ್ದೇನೆ.

ಮನ್ರೋ ಅವರು 1761ರ ಮೇ 27ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ ಹುಟ್ಟಿದರು. ತಂದೆ ಅಲೆಕ್ಸಾಂಡರ್ ಮನ್ರೋ ವ್ಯಾಪಾರಿ. ಅಮೆರಿಕದ ವರ್ಜೀನಿಯಾದೊಡನೆ ಅವರ ವಹಿವಾಟು ನಡೆಯುತ್ತಿತ್ತು. ಗ್ಲಾಸ್ಗೋ ಆಗ ತಂಬಾಕಿನ ವ್ಯಾಪಾರದಿಂದಲೇ ಶ್ರೀಮಂತವಾದ ಊರು. ಅಮೆರಿಕದವರು ಇಂಗ್ಲೆಂಡಿನ ಮೇಲೆ ಸ್ವಾತಂತ್ರ್ಯಯುದ್ಧ ಹೂಡಿದ ಕೂಡಲೇ ಆ ವ್ಯಾಪಾರ ಕುಸಿಯಿತು. ತಂದೆಯ ಅಂಗಡಿ ಮುಳುಗಿತು, ಮನೆತನ ಬಡವಾಯಿತು. ಹುಡುಗ ಓದಿನಲ್ಲಿ ಚುರುಕು, ಈಜುವುದರಲ್ಲಿ ಮುಂದು. ಚಿಕ್ಕಂದಿನಲ್ಲಿ ದಡಾರ ಬಂದು ಕಿವಿ ಸ್ವಲ್ಪ ಮಂದವಾಗಿತ್ತು. ಡಾನ್ ಕ್ವಿಕ್ಸೋಟ್ ಕಥೆಯನ್ನು ಮೂಲದಲ್ಲೇ ಓದಬೇಕೆಂದು ಸ್ಪ್ಯಾನಿಷ್ ಕಲಿತಿದ್ದನಂತೆ. ಅಂಥ ಹುಡುಗ ಮನೆಯ ಕಷ್ಟಕ್ಕಾಗಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಸೇರಿ 1780ರ ಜನವರಿಯಲ್ಲಿ ಮದರಾಸಿನ ಕರೆಯಲ್ಲಿ ಇಳಿದ. ವಯಸ್ಸು ಹದಿನೆಂಟು. ಮುಂದೆ ಬಹಳ ವರ್ಷ ಸಂಬಳದಲ್ಲಿ ಉಳಿಸಿ ತಂದೆಗೆ ಹಣ ಕಳಿಸುತ್ತಿದ್ದರು. ದೂರದಲ್ಲಿ ಯಾರೋ ಮಾಡಿದ ಯುದ್ಧದಿಂದ ಒಂದು ಮನೆಯ ಕಸುಬು ಹೇಗೆ ಮುಳುಗುತ್ತದೆ ಎಂಬುದು ಅವರಿಗೆ ಪುಸ್ತಕದಿಂದ ತಿಳಿದದ್ದಲ್ಲ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ನಮ್ಮ ನೇಕಾರರ ವಿಷಯ ಬಂದಾಗ ಬೇಕಾಗುತ್ತದೆ.

ಬಂದ ವರ್ಷವೇ ಹೈದರಾಲಿಯ ಜೊತೆ ಯುದ್ಧ. ಆ ಮೇಲೆ ಟಿಪ್ಪುವಿನ ಜೊತೆ. ಸೈನಿಕ ಜೀವನದ ವಿವರಕ್ಕೆ ನಾನು ಹೋಗುವುದಿಲ್ಲ. 1792ರಲ್ಲಿ ಟಿಪ್ಪುವಿನಿಂದ ಬಾರಾಮಹಲ್ ಪ್ರಾಂತ, ಅಂದರೆ ಕೃಷ್ಣಗಿರಿ, ಧರ್ಮಪುರಿಯ ಕಡೆ, ಕಂಪನಿಯ ಕೈಗೆ ಬಂತು. ಅಲ್ಲಿ ಕ್ಯಾಪ್ಟನ್ ರೀಡ್ ಎಂಬ ಅಧಿಕಾರಿಯ ಕೆಳಗೆ ಮನ್ರೋ ಏಳು ವರ್ಷ ಕಂದಾಯದ ಕೆಲಸ ಕಲಿತರು. ಕತ್ತಿ ಕೆಳಗಿಟ್ಟು ಲೆಕ್ಕದ ಪುಸ್ತಕ ಹಿಡಿದದ್ದು ಆಗ. ಹಳ್ಳಿ ಹಳ್ಳಿಗೆ ಹೋಗಿ, ಗುಡಾರ ಹಾಕಿಕೊಂಡು, ಜಮೀನ್ದಾರ ಗುತ್ತಿಗೆದಾರ ಯಾರನ್ನೂ ನಡುವೆ ಬಿಡದೆ ರೈತನ ಜೊತೆಯೇ ನೇರವಾಗಿ ಕಂದಾಯದ ಮಾತಾಡುವ ಪದ್ಧತಿ ಅಲ್ಲಿ ರೂಪುಗೊಂಡಿತು. ಮುಂದೆ ಅದಕ್ಕೇ ರೈತವಾರಿ ಎಂದು ಹೆಸರಾಯಿತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ರಾಜ್ಯದ ಹಂಚಿಕೆ ನಡೆಯಿತು. ಅದರ ಸಮಿತಿಗೆ ಮನ್ರೋ ಮತ್ತು ಜಾನ್ ಮಾಲ್ಕಂ ಕಾರ್ಯದರ್ಶಿಗಳು. ಹಂಚಿಕೆಯಾದ ಮೇಲೆ ಮನ್ರೋ ಅವರನ್ನು ಕೆನರಾಕ್ಕೆ ಕಲೆಕ್ಟರ್ ಮಾಡಿ ಕಳಿಸಿದರು. ಕೆನರಾ ಎಂದರೆ ಇಂದಿನ ಕಾಸರಗೋಡಿನಿಂದ ಕಾರವಾರದ ತನಕ. ಅಲ್ಲಿ ವಿಜಯನಗರದ ಕಾಲದಿಂದ ಬಂದ ಭೂಮಿಯ ಲೆಕ್ಕಗಳು ಶಾನುಭೋಗರ ಮನೆಗಳಲ್ಲಿ ಇರುವುದನ್ನು ಕಂಡು ಬೆರಗಾದರು. ಆದರೆ ಆ ಮಳೆ ಅವರಿಗೆ ಹಿಡಿಸಲಿಲ್ಲ. ವರ್ಗ ಮಾಡಿ ಎಂದು ಕೇಳುತ್ತಲೇ ಇದ್ದರು. ಸುಮಾರು ಒಂದೂಕಾಲು ವರ್ಷಕ್ಕೆ ವರ್ಗವಾಗಿ ಬಂದದ್ದು ಮಳೆಯ ಸುದ್ದಿಯೇ ಇಲ್ಲದ ನಮ್ಮ ಸೀಮೆಗೆ. ಕೇಳಿದ್ದು ಕೊಂಚ ಹೆಚ್ಚಾಗಿಯೇ ಸಿಕ್ಕಿತು ಎನ್ನಬೇಕು.

ನಮ್ಮ ಸೀಮೆ ಕಂಪನಿಗೆ ಬಂದ ಬಗೆ ಗಡಿಭಾಗದ ನಮಗೆಲ್ಲ ತಿಳಿದಿರಬೇಕು. ಟಿಪ್ಪುವಿನ ರಾಜ್ಯ ಹಂಚುವಾಗ ಈ ಕಡೆಯ ಪ್ರದೇಶ ಹೈದರಾಬಾದಿನ ನಿಜಾಮನ ಪಾಲಿಗೆ ಹೋಗಿತ್ತು. ತನ್ನ ರಾಜ್ಯದಲ್ಲಿ ಕಂಪನಿಯ ಸೈನ್ಯ ಇಟ್ಟುಕೊಳ್ಳುವ ಖರ್ಚಿಗಾಗಿ ನಿಜಾಮ 1800ರ ಅಕ್ಟೋಬರಿನಲ್ಲಿ ಅದನ್ನು ಕಂಪನಿಗೆ ಬಿಟ್ಟುಕೊಟ್ಟ. ಹಾಗೆ ಬಿಟ್ಟುಕೊಟ್ಟ ಜಿಲ್ಲೆಗಳಾದ್ದರಿಂದ ಸೀಡೆಡ್ ಜಿಲ್ಲೆಗಳು, ದತ್ತ ಮಂಡಲ ಎಂದು ಹೆಸರು. ರಾಯಲಸೀಮೆ ಎಂಬ ಹೆಸರು ಬಂದದ್ದು ಬಹಳ ತಡವಾಗಿ, 1928ರಲ್ಲಿ. ಬಳ್ಳಾರಿ, ಅನಂತಪುರ, ಕಡಪ ಎಲ್ಲ ಸೇರಿ ಒಂದೇ ಆಡಳಿತ, ಅದಕ್ಕೆ ಮನ್ರೋ ಪ್ರಿನ್ಸಿಪಲ್ ಕಲೆಕ್ಟರ್. 1808ರಲ್ಲಿ ಅದನ್ನು ಬಳ್ಳಾರಿ ಮತ್ತು ಕಡಪ ಎಂದು ಎರಡು ಜಿಲ್ಲೆ ಮಾಡಿದರು. 1882ರ ತನಕ ಅನಂತಪುರ ಜಿಲ್ಲೆ ಎಂಬುದೇ ಇರಲಿಲ್ಲ. ಹಿಂದೂಪುರ, ಪೆನುಕೊಂಡ, ಮಡಕಶಿರಾ, ಕಲ್ಯಾಣದುರ್ಗದ ಕಡೆಯೆಲ್ಲ ಬಳ್ಳಾರಿ ಜಿಲ್ಲೆಯೇ. 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಬೆಳುಗುಪ್ಪ ಮತ್ತು ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿದವು. ಕೂತಲ್ಲೇ ಕೂತು ಜಿಲ್ಲೆ ಬದಲಾಯಿಸಿದವರು ನಾವು.

ಮನ್ರೋ ಬಂದಾಗ ಇಲ್ಲಿ ಸುಮಾರು 80 ಮಂದಿ ಪಾಳೆಯಗಾರರು ಇದ್ದರು. ಒಂದೊಂದು ಬೆಟ್ಟಕ್ಕೆ ಒಂದೊಂದು ಕೋಟೆ, ಅದರ ಸುತ್ತ ನಂಬಿಕೊಂಡ ಬಂಟರು. ಕೆಲವರನ್ನು ಸೈನ್ಯ ಕಳಿಸಿ ಹೊರದಬ್ಬಿದರು, ಕೆಲವರಿಗೆ ವರ್ಷಾಶನ ಕಟ್ಟಿ ಕೂರಿಸಿದರು. ಇದನ್ನು ಶಾಂತಿಸ್ಥಾಪನೆ ಎಂದು ಆಗಿನ ಕಾಗದಗಳು ಹೊಗಳುತ್ತವೆ. ಲೂಟಿ ನಿಂತದ್ದು ನಿಜ. ಆದರೆ ಪಾಳೆಯಗಾರ ಹೋದಾಗ ಅವನೊಬ್ಬನೇ ಹೋಗಲಿಲ್ಲ. ಕತ್ತಿ ಮಾಡುವ ಕಮ್ಮಾರ, ಜೀನು ಹೊಲಿಯುವವನು, ಕೋಟೆ ಕಾಯುವ ಬಂಟ, ಹೊಗಳುಭಟ್ಟ, ಕಹಳೆ ಊದುವವನು ಎಲ್ಲರ ಕಸುಬೂ ಜೊತೆಗೆ ಹೋಯಿತು. ನಮ್ಮ ಊರುಗಳಲ್ಲಿ ಮೊದಲು ಕಣ್ಮರೆಯಾದ ವೃತ್ತಿಗಳ ಪಟ್ಟಿ ಮಾಡಿದರೆ ಇವು ಮೊದಲ ಸಾಲಿನಲ್ಲಿ ಬರುತ್ತವೆ.

ಈಗ ಮೋಜಣಿಯ ವಿಷಯ. ನನಗೆ ತುಂಬ ಪ್ರಿಯವಾದ ಭಾಗ ಇದು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

1802ರಲ್ಲಿ ಮನ್ರೋ ಇಡೀ ಸೀಮೆಯನ್ನು ಅಳೆಸಲು ಶುರು ಮಾಡಿದರು. ಭೂಮಿ ಅಳೆಯಲು ಬರುವವರು ಅವರ ಕಚೇರಿಯಲ್ಲಿ ಆಗ ಇದ್ದದ್ದು ನಾಲ್ಕೇ ಮಂದಿ ಗುಮಾಸ್ತರು. ಆ ನಾಲ್ವರು ಬೇರೆಯವರಿಗೆ ಕಲಿಸಿದರು, ಮರುವರ್ಷದ ಹೊತ್ತಿಗೆ ನೂರು ಮಂದಿಯಾದರು. ಎಲ್ಲರೂ ಈ ದೇಶದವರೇ. ಬೆಟ್ಟ ಬಂಡೆ ಬಿಟ್ಟು ಉಳಿದದ್ದನ್ನೆಲ್ಲ ಅಳೆದರು. ದಾರಿ, ಊರ ನತ್ತ, ಕೆರೆಯ ಅಂಗಳ, ಹಳ್ಳ, ಬೀಳು, ಕಾಡು ಎಲ್ಲ. ಅಳೆಯುವ ಸರಪಳಿಯ ಉದ್ದ 33 ಅಡಿ. ಆ ಸರಪಳಿಯ ಒಂದು ಚದರವನ್ನು 40 ಸಲ ಇಟ್ಟರೆ ಒಂದು ಎಕರೆ. ಗಡಿಯಾಚೆ ಪಾವಗಡ, ಮಧುಗಿರಿ ಕಡೆಯ ನಮ್ಮ ನೆಂಟರು ಇಂದಿಗೂ 40 ಗುಂಟೆಗೆ ಎಕರೆ ಎನ್ನುತ್ತಾರಲ್ಲ, ಗುಂಟೆ ಎಂದರೆ ಅದೇ 33 ಅಡಿಯ ಚದರ. ನಾವು ಈಚೆ ಸೆಂಟಿನ ಲೆಕ್ಕಕ್ಕೆ ಬಂದುಬಿಟ್ಟೆವು. ಹೆಣ್ಣು ಕೊಟ್ಟು ತರುವಾಗ ಎರಡೂ ಲೆಕ್ಕ ಬಾಯಲ್ಲೇ ಹಾಕುವುದು ಗಡಿಯವರಿಗೆ ಅಭ್ಯಾಸ.

ಅಳತೆ ಮುಗಿದ ಮೇಲೆ ಖುಷ್ಕಿ, ತರಿ, ಬಾಗಾಯ್ತು ಎಂದು ಜಮೀನು ವಿಂಗಡಿಸಿ, ಮಣ್ಣಿನ ತರಗತಿ ನೋಡಿ, ಹೊಲ ಹೊಲಕ್ಕೂ ಕಂದಾಯ ಕಟ್ಟಿದರು. ಜಮಾಬಂದಿಯಲ್ಲಿ ರೈತನ ಹೆಸರಿಗೇ ಪಟ್ಟಾ. ಇಷ್ಟು ದೊಡ್ಡ ಕೆಲಸಕ್ಕೆ ಆಧಾರ ಊರ ಕರಣಂ ಇಟ್ಟಿದ್ದ ಲೆಕ್ಕ. ಕರಣಂ ಎಂದರೂ ಶಾನುಭೋಗ ಎಂದರೂ ಒಂದೇ. ಅವರ ಲೆಕ್ಕ ಇದ್ದದ್ದು ಕಡತದಲ್ಲಿ. ಈಗಿನ ಮಕ್ಕಳಿಗೆ ಕಡತ ಎಂದರೆ ಕಚೇರಿಯ ಫೈಲು. ಆಗಿನ ಕಡತ ಬಟ್ಟೆಯದು. ಉದ್ದನೆಯ ದಪ್ಪ ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲಪುಡಿ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಪುಸ್ತಕದ ಹಾಗೆ ಮಾಡುತ್ತಿದ್ದರು. ಕಪ್ಪು ಹಲಗೆಯಂಥ ಅದರ ಮೇಲೆ ಬಳಪದಿಂದ ಬರೆಯುವುದು. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದು, ಜೋಪಾನ ಮಾಡಿದರೆ ನೂರಾರು ವರ್ಷ ಅಕ್ಷರ ಉಳಿಯುತ್ತದೆ. ಕಡತ ಮಾಡುವವರು ಒಂದು ಕಸುಬಿನವರು, ಬಳಪದ ಕಲ್ಲು ಕೊಯ್ದು ಮಾರುವವರು ಇನ್ನೊಂದು ಕಸುಬಿನವರು. ಕಾಗದ ಬಂದ ಮೇಲೆ ಇಬ್ಬರೂ ಕಾಣದಾದರು. ಕೊನೆಗೆ ಕರಣಂ ಕೂಡ ಹೋದರು. ಮೈಸೂರಿನ ಕಡೆ ವಂಶಪಾರಂಪರ್ಯದ ಶಾನುಭೋಗಿಕೆ 1963ರಲ್ಲಿ ರದ್ದಾಯಿತು, ನಮ್ಮ ಕಡೆ ಕರಣಂ ಪದ್ಧತಿ 1984ರಲ್ಲಿ. ಒಳ್ಳೆಯದೇ ಆಯಿತು ಎನ್ನುವವರೂ ಇದ್ದಾರೆ, ಅವರ ಮಾತಿನಲ್ಲಿ ಸತ್ಯ ಇಲ್ಲದಿಲ್ಲ. ಆದರೆ ಆ ಕಡತಗಳು ಎಷ್ಟೋ ಮನೆಗಳಲ್ಲಿ ಒಲೆಗೆ ಹೋದವು.

ಕಂದಾಯದ ಜೊತೆಗೆ ಮೊಹತರ್ಫಾ ಎಂಬ ಇನ್ನೊಂದು ತೆರಿಗೆ ಇತ್ತು. ಭೂಮಿ ಇಲ್ಲದೆ ಕಸುಬಿನಿಂದ ಬದುಕುವವರ ಮೇಲಿನ ತೆರಿಗೆ. ಮಗ್ಗಕ್ಕೆ ಇಷ್ಟು, ಎಣ್ಣೆಗಾಣಕ್ಕೆ ಇಷ್ಟು, ಅಂಗಡಿಗೆ ಇಷ್ಟು, ಕುರಿ ಸಾಕಣೆಗೆ ಇಷ್ಟು. ಕೊಡುವವರಿಗೆ ಅದು ಪೀಡೆ. ನಮಗೆ ಇಂದು ಅದೇ ಸಾಕ್ಷಿ. ಯಾವ ಊರಿನಲ್ಲಿ ಮಗ್ಗವಿತ್ತು, ಯಾವ ಊರಿನಲ್ಲಿ ಗಾಣವಿತ್ತು ಎಂಬುದು ಉಳಿದಿರುವುದು ತೆರಿಗೆ ವಸೂಲಿಯ ಪುಣ್ಯದಿಂದ. ಬೆಳುಗುಪ್ಪ, ಕಲ್ಯಾಣದುರ್ಗದಂಥ ಎರೆ ಮತ್ತು ಕೆಂಪುಮಣ್ಣಿನ ಊರುಗಳಿಗೆ ಹತ್ತಿ ಇತ್ತು, ಕುರಿ ಇತ್ತು. ಹತ್ತಿಯಿಂದ ಬಟ್ಟೆ, ಕುರಿಯಿಂದ ಕುರುಬರ ಕಂಬಳಿ. ಉಪ್ಪಾರರು ಚೌಳುಮಣ್ಣನ್ನು ದಿಬ್ಬ ಮಾಡಿ, ಅದಕ್ಕೆ ನೀರು ಹೊಯ್ದು, ಇಳಿದ ಉಪ್ಪುನೀರನ್ನು ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಿದ್ದರು. ಉಪ್ಪು, ದವಸ, ಹತ್ತಿಯನ್ನು ಎತ್ತಿನ ಮೇಲೆ ಹೇರಿಕೊಂಡು ಲಂಬಾಣಿಗಳು ಊರಿಂದೂರಿಗೆ ನಡೆಯುತ್ತಿದ್ದರು. 1803ರ ಮರಾಠಾ ಯುದ್ಧದಲ್ಲಿ ವೆಲ್ಲೆಸ್ಲಿಯ ಸೈನ್ಯಕ್ಕೆ ಮನ್ರೋ ಇಲ್ಲಿಂದ ದವಸ ಮತ್ತು ಎತ್ತು ಒದಗಿಸಿದ್ದರು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಉಪ್ಪಿನ ಮೇಲೆ ಸರ್ಕಾರದ ಏಕಸ್ವಾಮ್ಯ ಬಿಗಿಯಾಗಿ ಉಪ್ಪಾರರ ಉಪ್ಪು ನಿಂತಿತು, ರೈಲು ಬಂದು ಲಂಬಾಣಿಗಳ ಎತ್ತಿನ ಹಿಂಡು ನಿಂತಿತು. ನೆರೆಯ ವಜ್ರಕರೂರಿನಲ್ಲಿ ಮಾತ್ರ ಮೊದಲ ಮಳೆ ಬಿದ್ದೊಡನೆ ಜನ ಇಂದಿಗೂ ಹೊಲದಲ್ಲಿ ವಜ್ರ ಹುಡುಕುತ್ತಾರೆ. ಆ ಕಸುಬಿಗೆ ಅಳಿವಿಲ್ಲ, ಆಸೆಯೇ ಅದರ ಬಂಡವಾಳ.

ಇನ್ನು ಮನ್ರೋ ಅವರ ಲೆಕ್ಕದಲ್ಲಿ ನನಗೆ ತಕರಾರಿರುವ ಜಾಗ. ಏಳು ವರ್ಷದಲ್ಲಿ ಸೀಮೆಯ ಕಂದಾಯ ಸುಮಾರು 4 ಲಕ್ಷ ಪೌಂಡಿನಿಂದ 6 ಲಕ್ಷ ಪೌಂಡಿಗೆ ಏರಿತು. ಮೇಲಿನವರು ಮೆಚ್ಚಿದರು. ಆದರೆ ಕಟ್ಟಿದ ಕಂದಾಯ ಬೆಳೆದ ಒಟ್ಟು ಬೆಳೆಯ ನೂರಕ್ಕೆ 45 ಪಾಲು. ಸುಮಾರು ಅರ್ಧ ಎಂದೇ ಹೇಳಬಹುದು. ಅನಂತಪುರದ ಮಳೆಯನ್ನು ನಂಬಿ ಅರ್ಧ ಬೆಳೆ ಕಂದಾಯಕ್ಕೆ ಕೊಟ್ಟು ಯಾವ ರೈತ ಬದುಕಿಯಾನು? ಇದು ಹೆಚ್ಚಾಯಿತು ಎಂದು ಮನ್ರೋ ಅವರಿಗೇ ಗೊತ್ತಿತ್ತು. 1807ರ ಆಗಸ್ಟಿನಲ್ಲಿ, ಊರಿಗೆ ಹೊರಡುವ ಮುನ್ನ, ಕಾಲುಪಾಲು ಇಳಿಸಬೇಕು, ಬಾವಿ ಕೆರೆಯ ಕೆಳಗಿನ ಭೂಮಿಗೆ ಇನ್ನೂ ಕೊಂಚ ಇಳಿಸಬೇಕು ಎಂದು ಬರೆದಿಟ್ಟರು. ಸರ್ಕಾರ ಕೇಳಲಿಲ್ಲ. ಅವರು ಹೋದ ಮೇಲೆ ರೈತವಾರಿಯನ್ನೇ ಕಿತ್ತುಹಾಕಿ ಊರೂರನ್ನೇ ಗುತ್ತಿಗೆಗೆ ಕೊಟ್ಟರು, ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ. ಹಣ ಕಟ್ಟಲಾರದೆ ಗುತ್ತಿಗೆ ಹಿಡಿದ ರೆಡ್ಡಿಗಳು, ಗೌಡರು ಜೈಲಿಗೆ ಹೋದರು, ರೈತರು ಊರು ಬಿಟ್ಟರು. 1820ರಲ್ಲಿ ಮನ್ರೋ ಮದರಾಸಿನ ಗವರ್ನರ್ ಆಗಿ ಬಂದ ಮೇಲೆಯೇ ರೈತವಾರಿ ಮರಳಿತು, ಖುಷ್ಕಿ ಮತ್ತು ತರಿಗೆ ನೂರಕ್ಕೆ 25, ಬಾಗಾಯ್ತಿಗೆ 33 ಇಳಿಕೆಯಾಯಿತು. ನಡುವೆ ಹೋದದ್ದು ಹದಿಮೂರು ವರ್ಷ. ಏಳು ವರ್ಷ ತಮ್ಮದೇ ಅಧಿಕಾರವಿದ್ದಾಗ ಏಕೆ ಇಳಿಸಲಿಲ್ಲ? ಅಧಿಕಾರ ಇದ್ದಾಗ ವಸೂಲಿ, ಹೊರಡುವಾಗ ಶಿಫಾರಸು. ಕಚೇರಿಯಲ್ಲಿ ದುಡಿದವರೆಲ್ಲ ಇಂಥದ್ದನ್ನು ಕಂಡಿರುತ್ತಾರೆ. ಅವರ ಪರವಾಗಿ ಹೇಳುವುದಾದರೆ, ಮರಳಿ ಬಂದವರು ತಮ್ಮ ಶಿಫಾರಸನ್ನು ಮರೆಯಲಿಲ್ಲ.

ಇಂಗ್ಲೆಂಡಿನಲ್ಲಿದ್ದಾಗ, 1813ರಲ್ಲಿ, ಪಾರ್ಲಿಮೆಂಟಿನ ಮುಂದೆ ಮನ್ರೋ ಸಾಕ್ಷಿ ಹೇಳಿದರು. ಕಂಪನಿಯ ಸನ್ನದು ನವೀಕರಣದ ಕಾಲ. ಇಂಗ್ಲೆಂಡಿನ ಗಿರಣಿ ಬಟ್ಟೆಯನ್ನು ಇಲ್ಲಿ ಮಾರಬಹುದೇ ಎಂದು ಅಲ್ಲಿಯ ವ್ಯಾಪಾರಿಗಳಿಗೆ ತವಕ. ಇಲ್ಲಿಯ ಜನರಿಗೆ ಹೊರಗಿನ ಮಾಲು ಬೇಕಿಲ್ಲ, ಇಲ್ಲಿಯ ನೇಯ್ಗೆಯೇ ಗಟ್ಟಿ ಎಂಬ ಅರ್ಥದಲ್ಲಿ ಮನ್ರೋ ಹೇಳಿದರು. ತಾವು ಏಳು ವರ್ಷ ಹೊದ್ದ ಒಂದು ದೇಶೀ ಶಾಲು ಇನ್ನೂ ಹೊಸದರಂತೆಯೇ ಇದೆ ಎಂದೂ ತಿಳಿಸಿದರು. ಬಾರಾಮಹಲಿನಲ್ಲಿ ಕಂಪನಿಯ ನೌಕರರು ಮುಖ್ಯ ನೇಕಾರರನ್ನು ಒಂದೆಡೆ ಸೇರಿಸಿ, ಕಾವಲು ಹಾಕಿ, ಕಂಪನಿಗೇ ಬಟ್ಟೆ ಕೊಡುತ್ತೇವೆಂದು ಒಪ್ಪುವ ತನಕ ಬಿಡುತ್ತಿರಲಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ನೇಕಾರರ ಪಾಡು ಅವರಿಗೆ ತಿಳಿದಿತ್ತು ಎಂಬುದಕ್ಕೆ ಇದು ದಾಖಲೆ. ಆದರೆ ಗಿರಣಿ ಬಟ್ಟೆ ಇಲ್ಲಿ ಓಡುವುದಿಲ್ಲ ಎಂಬ ಅವರ ಎಣಿಕೆ ಹತ್ತು ವರ್ಷವೂ ನಿಲ್ಲಲಿಲ್ಲ.

1814ರಲ್ಲಿ ಜೇನ್ ಕ್ಯಾಂಪ್ಬೆಲ್ ಎಂಬ ಕನ್ಯೆಯನ್ನು ಮದುವೆಯಾಗಿ ಮತ್ತೆ ಬಂದರು. 1817, 1818ರ ಮರಾಠಾ ಯುದ್ಧದಲ್ಲಿ ಕೈಯಲ್ಲಿದ್ದ ಅಲ್ಪ ಸೈನ್ಯಕ್ಕೆ ಊರ ಜನರನ್ನೇ ಸೇರಿಸಿಕೊಂಡು ಗದಗ, ಹುಬ್ಬಳ್ಳಿ, ಬಾದಾಮಿ, ಬೆಳಗಾವಿ ಕೋಟೆಗಳನ್ನು ಹಿಡಿದರು. ಧಾರವಾಡ ಸೀಮೆ ಕಂಪನಿಗೆ ಹೋದದ್ದು ಹಾಗೆ. ಅದರ ಇನ್ನೊಂದು ಎಳೆ ಕಿತ್ತೂರಿನಲ್ಲಿ ಬರುತ್ತದೆ. 1824ರಲ್ಲಿ ರಾಣಿ ಚೆನ್ನಮ್ಮನವರ ಮೇಲೆ ಕಂಪನಿ ಸೈನ್ಯ ಹೋದಾಗ ಮೊದಲ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತದ್ದು ನಮಗೆಲ್ಲ ಗೊತ್ತು. ಡಿಸೆಂಬರಿನ ಎರಡನೆಯ ಮುತ್ತಿಗೆಯಲ್ಲಿ ಸತ್ತ ಸೊಲ್ಲಾಪುರದ ಸಬ್ ಕಲೆಕ್ಟರ್ ಇದೇ ಮನ್ರೋ ಅವರ ಅಣ್ಣತಮ್ಮಂದಿರ ಮಗ. ನಾಟಕ, ಸಿನಿಮಾಗಳಲ್ಲಿ ಈ ಸಂಗತಿ ಹೆಚ್ಚು ಬರುವುದಿಲ್ಲ.

ಗವರ್ನರ್ ಆದ ಮೇಲೆ ಅವರು ಮಾಡಿಸಿದ ಒಂದು ವಿಚಾರಣೆಗಾಗಿಯೇ ಈ ಲೇಖನ ಬರೆಯಲು ಕೂತೆ ಎನ್ನಬೇಕು. 1822ರ ಜುಲೈ 25ರಂದು ಮದರಾಸು ಪ್ರಾಂತದ ಎಲ್ಲ ಕಲೆಕ್ಟರುಗಳಿಗೆ ಆದೇಶ ಹೋಯಿತು. ನಿಮ್ಮ ಜಿಲ್ಲೆಯಲ್ಲಿ ಊರ ಶಾಲೆಗಳು ಎಷ್ಟು, ಯಾವ ಭಾಷೆಯಲ್ಲಿ ಕಲಿಸುತ್ತಾರೆ, ಮಕ್ಕಳು ಎಷ್ಟು, ಯಾವ ಜಾತಿಯವರು, ಯಾವ ಪುಸ್ತಕ ಓದುತ್ತಾರೆ ಎಂದು ಲೆಕ್ಕ ಕೊಡಬೇಕು. ಬಳ್ಳಾರಿ ಜಿಲ್ಲೆಯ ಉತ್ತರ 1823ರ ಆಗಸ್ಟ್ 17ರದು. ಬರೆದವರು ಕಲೆಕ್ಟರ್ ಎ. ಡಿ. ಕ್ಯಾಂಪ್ಬೆಲ್, ತೆಲುಗು ವ್ಯಾಕರಣ ಬರೆದ ವಿದ್ವಾಂಸರು.

ಆ ಉತ್ತರದಲ್ಲಿ ನಮ್ಮ ಸಂಘದವರು ಬರೆದಿಟ್ಟುಕೊಳ್ಳಬೇಕಾದ ಅಂಕಿಗಳಿವೆ. ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533, ಓದುವ ಮಕ್ಕಳು 6,641, ಅವರಲ್ಲಿ ಹೆಣ್ಣುಮಕ್ಕಳು 60. ಭಾಷೆಯ ಪ್ರಕಾರ ನೋಡಿದರೆ ಕನ್ನಡ ಶಾಲೆಗಳು 235, ತೆಲುಗು 226, ಮರಾಠಿ 23, ಪಾರಸಿ 21, ತಮಿಳು 4, ಇಂಗ್ಲಿಷ್ 1. ಉಳಿದ 23 ವೇದ ಶಾಸ್ತ್ರದ ಪಾಠಶಾಲೆಗಳು. ಕೂಡಿ ನೋಡಿ, ಸರಿಯಾಗಿ 533. ಈಗಿನ ಬಳ್ಳಾರಿ, ಅನಂತಪುರ ಎರಡೂ ಸೇರಿದ ಜಿಲ್ಲೆಯಲ್ಲಿ ಕನ್ನಡ ಮತ್ತು ತೆಲುಗು ಶಾಲೆಗಳು ಹೆಚ್ಚುಕಡಿಮೆ ಸರಿಸಮ. ಯಾರೂ ಯಾರ ಮೇಲೂ ಹೇರಿದ್ದಲ್ಲ, ಊರವರು ಮೇಷ್ಟರಿಗೆ ತಿಂಗಳಿಗೆ ಇಷ್ಟು ಕಾಸು, ಇಷ್ಟು ದವಸ ಎಂದು ಕೊಟ್ಟು ನಡೆಸಿದ್ದು.

ಶಾಲೆಯ ದಿನಚರಿಯನ್ನೂ ಕ್ಯಾಂಪ್ಬೆಲ್ ಬರೆದಿದ್ದಾರೆ. ಬೆಳಗ್ಗೆ ಆರಕ್ಕೇ ಶಾಲೆ. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಾರೆ, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಬೆತ್ತದೇಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಏರಿಕೆ. ಅಕ್ಷರ ಮೊದಲು ಮರಳಿನ ಮೇಲೆ ಬೆರಳಿನಿಂದ. ಮುಂದುವರಿದ ಹುಡುಗ ಕಿರಿಯನಿಗೆ ಹೇಳಿಕೊಡಬೇಕು. ಓದುವ ಪುಸ್ತಕ ಜಾತಿ, ಕಸುಬಿಗೆ ತಕ್ಕಂತೆ ಬೇರೆ ಬೇರೆ. ರಾಮಾಯಣ, ಭಾರತ, ಭಾಗವತ ಒಂದು ಕಡೆ. ಲಿಂಗಾಯತ ಮಕ್ಕಳಿಗೆ ಬಸವಪುರಾಣ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣ. ಕಮ್ಮಾರ, ಬಡಗಿ, ಅಕ್ಕಸಾಲಿ ಮಕ್ಕಳಿಗೆ ವಿಶ್ವಕರ್ಮ ಪುರಾಣ. ಕಥೆಗೆ ಪಂಚತಂತ್ರ. ನಮ್ಮ ಹಿರಿಯರು ಹೇಳಿದ್ದು ಬರಿಯ ಬಾಯಿಮಾತಲ್ಲ ಎಂದದ್ದು ಇದಕ್ಕೆ.

ಆದರೆ ಕ್ಯಾಂಪ್ಬೆಲ್ ಅಲ್ಲಿಗೆ ನಿಲ್ಲಿಸಲಿಲ್ಲ. ಸಾವಿರ ಜನರಲ್ಲಿ ಏಳು ಮಂದಿಯೂ ಶಾಲೆಯಲ್ಲಿಲ್ಲ, ಮೊದಲು ಶಾಲೆಯಿದ್ದ ಎಷ್ಟೋ ಊರುಗಳಲ್ಲಿ ಈಗ ಇಲ್ಲ ಎಂದು ಬರೆದರು. ಕಾರಣವನ್ನೂ ಕೊಟ್ಟರು. ದೇಶ ಬಡವಾಗುತ್ತಿದೆ. ಇಲ್ಲಿಯ ಹತ್ತಿಬಟ್ಟೆಯ ಜಾಗಕ್ಕೆ ಇಂಗ್ಲೆಂಡಿನ ಬಟ್ಟೆ ಬಂದು ನೇಯುವವರ ಸಂಪಾದನೆ ಬಿದ್ದುಹೋಗಿದೆ. ಸೈನ್ಯದ ದಂಡು ಬೇರೆ ಕಡೆಗೆ ಹೋಗಿ ದವಸಕ್ಕೆ ಬೇಡಿಕೆ ಇಳಿದಿದೆ. ಹಣ ಯೂರೋಪಿಗೆ ಹರಿದುಹೋಗುತ್ತಿದೆ. ಹಿಂದಿನ ದೊರೆಗಳು ವಿದ್ಯೆಗೆ ಕೊಡುತ್ತಿದ್ದ ಆಸರೆಯನ್ನು ಈಗಿನ ಸರ್ಕಾರ ಕೊಡುತ್ತಿಲ್ಲ. ಕೆಳಗಿನ ಅಧಿಕಾರಿ ಮೇಲಿನವರಿಗೆ ಹೀಗೆ ಬರೆಯಲು ಎದೆಗಾರಿಕೆ ಬೇಕು. ತಮ್ಮ ತಂದೆಯ ವ್ಯಾಪಾರ ಮುಳುಗಿದ್ದನ್ನು ಕಂಡಿದ್ದ ಗವರ್ನರ್ ಮನ್ರೋ ಅವರ ಮೇಜಿನ ಮೇಲೆ, ತಾವೇ ಅಳೆಸಿ ಕಂದಾಯ ಕಟ್ಟಿದ ಸೀಮೆಯಿಂದ ಈ ಉತ್ತರ ಬಂತು. ನೇಕಾರನ ಮಗ್ಗ ನಿಂತಾಗ ಮಗನ ಶಾಲೆಯೂ ನಿಂತಿತು ಎಂಬುದು ಅದರ ತಾತ್ಪರ್ಯ.

ಎಲ್ಲ ಜಿಲ್ಲೆಗಳ ಲೆಕ್ಕ ಸೇರಿಸಿದಾಗ ಪ್ರಾಂತದಲ್ಲಿ 12,498 ಶಾಲೆ, 1,88,650 ಮಕ್ಕಳು. ಮನೆಯಲ್ಲಿ ಕಲಿಯುವವರನ್ನು ಸೇರಿಸಿದರೆ ಗಂಡುಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬ ಓದುತ್ತಾನೆ ಎಂದು ಮನ್ರೋ ಅಂದಾಜು ಮಾಡಿದರು. ಯೂರೋಪಿನ ಹಲವು ದೇಶಗಳಲ್ಲಿ ಕೆಲವೇ ಕಾಲದ ಹಿಂದೆ ಇದಕ್ಕಿಂತ ಕಡಿಮೆ ಇತ್ತು ಎಂದೂ ಒಪ್ಪಿಕೊಂಡರು. 1826ರ ಮಾರ್ಚ್ 10ರಂದು ಪ್ರತಿ ಜಿಲ್ಲೆಗೆ ಎರಡು ದೊಡ್ಡ ಶಾಲೆ, ಪ್ರತಿ ತಹಸೀಲಿಗೆ ಒಂದು ಶಾಲೆ ಎಂಬ ಯೋಜನೆ ಬರೆದರು. ಮರುವರ್ಷ ಅವರೇ ಇಲ್ಲವಾದರು. ಶುರುವಾದ ಕೆಲವು ತಹಸೀಲು ಶಾಲೆಗಳನ್ನು 1836ರಲ್ಲಿ ಮುಚ್ಚಿದರು.

ಅವರ ಬೇರೆ ಅಭಿಪ್ರಾಯಗಳನ್ನೂ ಜೊತೆಗೇ ಹೇಳಬೇಕು. ಈ ದೇಶದವರನ್ನು ದೊಡ್ಡ ಹುದ್ದೆಗಳಿಂದ ದೂರ ಇಟ್ಟರೆ ಜನರ ಸ್ವಭಾವವೇ ಕುಗ್ಗುತ್ತದೆ ಎಂದು 1824ರಲ್ಲೇ ಬರೆದರು. ಅದೇ ಮನುಷ್ಯ ಪತ್ರಿಕೆಗಳಿಗೆ ಸ್ವಾತಂತ್ರ್ಯ ಕೊಡಕೂಡದು ಎಂದೂ ವಾದಿಸಿದರು. ಎರಡೂ ಅವರದೇ ಕೈಬರಹ.

1826ರಲ್ಲಿ ಮಗುವಿಗೆ ಆರೋಗ್ಯ ಸರಿಯಿಲ್ಲದೆ ಹೆಂಡತಿ ಊರಿಗೆ ಹೊರಟರು. ಮನ್ರೋ ರಾಜೀನಾಮೆ ಕೊಟ್ಟು ಹೊಸ ಗವರ್ನರ್ ಬರುವುದನ್ನು ಕಾಯುತ್ತಿದ್ದರು. ಆ ಬಿಡುವಿನಲ್ಲಿ ಹಳೆಯ ಸೀಮೆಯನ್ನು ಒಮ್ಮೆ ನೋಡಿ ಬರುತ್ತೇನೆಂದು 1827ರ ಬೇಸಿಗೆಯಲ್ಲಿ ಹೊರಟರು. ಪರಿವಾರದಲ್ಲಿ ಕಾಲರಾ ಕಾಣಿಸಿಕೊಂಡಿತ್ತು. ಜುಲೈ 4ರಂದು ಗುತ್ತಿ ತಲುಪಿದರು. 6ರ ಬೆಳಗ್ಗೆ ಪತ್ತಿಕೊಂಡದ ಬಿಡಾರದಲ್ಲಿ ಕಾಯಿಲೆ ಹಿಡಿಯಿತು, ಅದೇ ರಾತ್ರಿ ತೀರಿಕೊಂಡರು. ವಯಸ್ಸು 66. ದೇಹವನ್ನು ಗುತ್ತಿಗೆ ತಂದು ಕೋಟೆಯ ಬುಡದಲ್ಲಿ ಮಣ್ಣು ಮಾಡಿದರು. 1831ರಲ್ಲಿ ಅಲ್ಲಿಂದ ತೆಗೆದು ಮದರಾಸಿನ ಕೋಟೆಯೊಳಗಿನ ಚರ್ಚಿನಲ್ಲಿ ಇಟ್ಟರು. ಪತ್ತಿಕೊಂಡದಲ್ಲಿ ಅವರ ನೆನಪಿಗೆ ತೋಪು, ಮೆಟ್ಟಿಲು ಬಾವಿ, ಗುತ್ತಿಯಲ್ಲಿ ಛತ್ರ. ಮದರಾಸಿನಲ್ಲಿ 1839ರಲ್ಲಿ ಕುದುರೆ ಏರಿದ ಪ್ರತಿಮೆ ನಿಂತಿತು. ಅದಕ್ಕೆ ಜೀನೂ ಇಲ್ಲ, ರಿಕಾಪೂ ಇಲ್ಲ.

ಜನ ಅವರ ಸುತ್ತ ಕಟ್ಟಿದ ಕಥೆಗಳು ಬೇರೆ. ಮಂತ್ರಾಲಯದ ಮಠದ ಭೂಮಿಯ ವಿಚಾರಣೆಗೆ ಹೋದಾಗ ಟೋಪಿ, ಬೂಟು ಕಳಚಿ ಒಳಗೆ ಹೋದರು, ಬೃಂದಾವನದಿಂದ ರಾಯರು ಎದ್ದು ಬಂದು ಅವರೊಬ್ಬರಿಗೇ ಕಾಣಿಸಿಕೊಂಡು ಮಾತಾಡಿ ಮಂತ್ರಾಕ್ಷತೆ ಕೊಟ್ಟರು, ಭೂಮಿ ಮಠಕ್ಕೇ ಉಳಿಯಿತು ಎಂದು ಭಕ್ತರು ಹೇಳುತ್ತಾರೆ. ಕಡಪದ ಕಡೆ ಪಾಪಾಗ್ನಿ ನದಿಯ ಗಂಡಿಯಲ್ಲಿ, ಪುಣ್ಯವಂತರಿಗೆ ಮಾತ್ರ ಸಾವಿಗೆ ಮುಂಚೆ ಕಾಣುವ ಬಂಗಾರದ ತೋರಣ ಅವರಿಗೆ ಕಂಡಿತು ಎಂದು ಇನ್ನೊಂದು ಕಥೆ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಕಂದಾಯ ವಸೂಲಿ ಮಾಡಿದವರ ಮೇಲೆ ಜನ ಇಂಥ ಕಥೆ ಕಟ್ಟಿದ್ದು ಅಪರೂಪ ಎಂಬುದನ್ನಂತೂ ನಾನು ಮೂವತ್ತು ಚಿಲ್ಲರೆ ವರ್ಷದ ನೌಕರಿಯ ಅನುಭವದಿಂದ ಹೇಳಬಲ್ಲೆ.

ಸದಸ್ಯರಲ್ಲಿ ಒಂದು ವಿನಂತಿ. ನಮ್ಮ ಊರುಗಳ ಕರಣಂ, ಶಾನುಭೋಗ ಮನೆತನದವರ ಅಟ್ಟದಲ್ಲಿ, ನೇಕಾರರ, ಗಾಣಿಗರ, ಉಪ್ಪಾರರ ಮನೆಗಳಲ್ಲಿ ಹಳೆಯ ಕಡತ, ಪಟ್ಟಾ, ಅಂಗಡಿ ಲೆಕ್ಕ, ಊರ ಶಾಲೆಯ ಓಲೆಗರಿ ಏನಾದರೂ ಇದ್ದರೆ ಮುಂದಿನ ತಿಂಗಳ ಸಭೆಗೆ ತನ್ನಿ. ಸಂಘ ಅವುಗಳ ಫೋಟೋ ತೆಗೆದು ಅಲ್ಲೇ ನಿಮ್ಮ ಕೈಗೆ ಹಿಂದಿರುಗಿಸುತ್ತದೆ. ಮೋಡಿ ಅಕ್ಷರ, ಹಳೆಯ ಕನ್ನಡ ಕೈಬರಹ ಓದಬಲ್ಲ ಹಿರಿಯರು ಇದ್ದರೆ ಅವರನ್ನೂ ಕರೆತನ್ನಿ, ಹೋಗಿಬರುವ ಖರ್ಚು ಸಂಘದ್ದು. ಕಡತಕ್ಕೆ ಧೂಳು ಹಿಡಿದಿದ್ದರೆ ಒಣ ಬಟ್ಟೆಯಿಂದ ಮೆಲ್ಲಗೆ ತಟ್ಟಿ. ಒದ್ದೆ ಬಟ್ಟೆ ಮುಟ್ಟಿಸಬೇಡಿ, ಬಳಪದ ಅಕ್ಷರ ಅಳಿಸಿಹೋಗುತ್ತದೆ.

ಕಾರ್ಯದರ್ಶಿ